ದುಡ್ಡು ಕೊಡೋರು ಯಾರು, ಇಸ್ಕೊಳ್ಳೋರು ಯಾರು? ಇಂಜಿನಿಯರಿಂಗ್ ಮಕ್ಕಳ ‘ಪೇಯ್ಡ್ ಇಂಟರ್ನ್‌ಶಿಪ್’ ತಲೆಕೆಳಗಾದ ಕಥೆ

ತಿಪಟೂರು: ಕಳೆದ ವಾರ ಬಸ್ ಸ್ಟ್ಯಾಂಡ್ ಹತ್ರದ ಜೆರಾಕ್ಸ್ ಅಂಗಡೀಲಿ ಆಧಾರ್ ಕಾಪಿ ತೆಗೆಸೋಕೆ ನಿಂತಿದ್ದೆ. ನನಗಿಂತ ಮುಂದೆ ಒಬ್ಬ ಹುಡುಗ ದಪ್ಪ ಪೇಪರ್ ಮೇಲೆ ಸರ್ಟಿಫಿಕೇಟ್ ಒಂದರ ಕಲರ್ ಪ್ರಿಂಟ್ ತೆಗೆಸ್ತಿದ್ದ. ಬಣ್ಣದ ಬಾರ್ಡರ್, ಕೆಳಗೆ ಸೀಲು, ಸಹಿ. ಇಂಟರ್ನ್‌ಶಿಪ್ ಮುಗಿಸಿದ್ದಕ್ಕೆ ಕಂಪನಿ ಕೊಟ್ಟಿರೋದು. ಪರವಾಗಿಲ್ಲ, ನಮ್ಮ ಕಡೆ ಹುಡುಗ ಅಂತ ಖುಷಿಯಾಗಿ, ‘ಎಷ್ಟಪ್ಪ ಕೊಟ್ರು?’ ಅಂದೆ.

‘ಎಂಟು ಸಾವಿರ ಅಣ್ಣ.’

‘ತಿಂಗಳಿಗಾ?’

ಅವನು ಒಂಥರಾ ನಕ್ಕ. ‘ಅವ್ರು ಕೊಟ್ಟಿದ್ದಲ್ಲ ಅಣ್ಣ, ನಾವು ಕಟ್ಟಿದ್ದು.’

ಹುಡುಗ ನೊಣವಿನಕೆರೆ ಕಡೆಯೋನು. ಅಪ್ಪಂಗೆ ಒಂದಷ್ಟು ತೆಂಗಿನ ತೋಟ. ಮಗ ಬೆಂಗಳೂರು ಹೊರವಲಯದ ಕಾಲೇಜೊಂದರಲ್ಲಿ ಕೊನೇ ವರ್ಷದ ಇಂಜಿನಿಯರಿಂಗ್. ಇಂಟರ್ನ್‌ಶಿಪ್ ಅಂದ್ರೆ ಏನು ಮಾಡಿಸಿದ್ರು ಅಂತ ಕೇಳಿದೆ. ಮೊದಲು ಒಂದಷ್ಟು ದಿನ ಆನ್‌ಲೈನ್ ಕ್ಲಾಸು, ಆಮೇಲೆ ರೆಕಾರ್ಡ್ ಮಾಡಿಟ್ಟ ವಿಡಿಯೋ, ಕೊನೆಗೆ ಒಂದು ಪ್ರಾಜೆಕ್ಟು. ಆ ಪ್ರಾಜೆಕ್ಟೂ ಹಿಂದಿನ ಬ್ಯಾಚ್‌ನವರು ಮಾಡಿದ್ದೇ, ಹೆಸರು ಬದಲಾಯಿಸಿ ಕೊಟ್ಟಿದ್ದಂತೆ. ಕಂಪನಿ ಆಫೀಸನ್ನ ಅವನು ಒಂದು ಸಲವೂ ನೋಡಿಲ್ಲ. ಆದ್ರೆ ಸರ್ಟಿಫಿಕೇಟ್ ಮಾತ್ರ ಟೈಮಿಗೆ ಸರಿಯಾಗಿ ಬಂತು.

ನಮ್ಮ ತಾಲ್ಲೂಕಿನಲ್ಲಿ ಮಗ ಅಥವಾ ಮಗಳನ್ನ ಇಂಜಿನಿಯರಿಂಗ್‌ಗೆ ಹಾಕಿರೋ ಮನೆ ಕಮ್ಮಿ ಏನಿಲ್ಲ. ಮಂಡಿ ಇಟ್ಟಿರೋರು, ಕಿರಾಣಿ ಅಂಗಡಿಯೋರು, ಬಟ್ಟೆ ಅಂಗಡಿಯೋರು, ತೋಟದೋರು ಎಲ್ಲರ ಮನೇಲೂ ಒಬ್ಬರಿದ್ದಾರೆ. ಅದಕ್ಕೇ ಈ ಲೆಕ್ಕವನ್ನ ಸ್ವಲ್ಪ ಬಿಡಿಸಿ ನೋಡೋಣ ಅನ್ನಿಸ್ತು.

‘ಪೇಯ್ಡ್’ ಅನ್ನೋ ಪದದ ಅರ್ಥವೇ ಬದಲಾಗಿದೆ

ಪೇಯ್ಡ್ ಇಂಟರ್ನ್‌ಶಿಪ್ ಅಂದ್ರೆ ಕಂಪನಿ ವಿದ್ಯಾರ್ಥಿಗೆ ತಿಂಗಳು ತಿಂಗಳು ಒಂದಿಷ್ಟು ಸ್ಟೈಪೆಂಡ್ ಕೊಟ್ಟು ಕೆಲಸ ಕಲಿಸೋದು. ಅದು ಸಂಬಳ ಅಲ್ಲ, ಖರ್ಚಿಗೆ ಆಗುವಷ್ಟು. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಒಳ್ಳೇ ಸ್ಟೈಪೆಂಡೇ ಸಿಗುತ್ತೆ, ಇಂಟರ್ನ್‌ಶಿಪ್ ಮುಗಿದ ಮೇಲೆ ಅಲ್ಲೇ ಕೆಲಸ ಸಿಕ್ಕೋರೂ ಇದ್ದಾರೆ. ಆದ್ರೆ ಅಂಥ ಕಂಪನಿಗಳು ಬಂದು ಹುಡುಗರನ್ನ ಆರಿಸಿಕೊಳ್ಳೋದು ಬೆರಳೆಣಿಕೆಯ ಕಾಲೇಜುಗಳಲ್ಲಿ. ಮಿಕ್ಕ ಕಾಲೇಜುಗಳ ಹುಡುಗರ ಬಾಯಲ್ಲಿ ‘ಪೇಯ್ಡ್ ಇಂಟರ್ನ್‌ಶಿಪ್’ ಅಂದ್ರೆ ದುಡ್ಡು ಕಟ್ಟಿ ಮಾಡೋ ಇಂಟರ್ನ್‌ಶಿಪ್ ಅಂತ ಆಗಿಬಿಟ್ಟಿದೆ. ಯಾರಾದ್ರೂ ‘ಫ್ರೀ’ ಅಂದ್ರೆ ಅದೇ ದೊಡ್ಡ ಉಪಕಾರ.

ಹಿಂಗಾಗಿದ್ದು ಹೆಂಗೆ?

ನಿಯಮ ಮಾಡಿದೋರ ಉದ್ದೇಶ ಒಳ್ಳೇದೇ ಇತ್ತು. ಇಂಜಿನಿಯರಿಂಗ್ ಓದಿದೋರಿಗೆ ಪುಸ್ತಕದ ಜ್ಞಾನ ಬಿಟ್ಟು ಬೇರೇನೂ ಬರಲ್ಲ ಅನ್ನೋ ದೂರು ಹಳೇದು. 2018ರಲ್ಲಿ ಎಐಸಿಟಿಇ ತನ್ನ ಮಾದರಿ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯ ಮಾಡಿತು. ನಮ್ಮ ರಾಜ್ಯದ ಹೆಚ್ಚಿನ ಇಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದ್ರೆ ವಿಟಿಯು ಅಡಿ ಬರುತ್ತವೆ. ಅದರ 2022ರ ಸ್ಕೀಮ್ ಪ್ರಕಾರ ಕೊನೇ ವರ್ಷದಲ್ಲಿ 14ರಿಂದ 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಅದಕ್ಕೆ 10 ಕ್ರೆಡಿಟ್. ನಾಲ್ಕು ವರ್ಷಕ್ಕೆ ಒಟ್ಟು 160 ಕ್ರೆಡಿಟ್. ಇಂಟರ್ನ್‌ಶಿಪ್ ಆಗಲಿಲ್ಲ ಅಂದ್ರೆ ಡಿಗ್ರಿನೂ ಇಲ್ಲ.

ಈಗ ನೋಡಿ, ಇಂಟರ್ನ್‌ಶಿಪ್ ಕಡ್ಡಾಯ ವಿದ್ಯಾರ್ಥಿಗೆ. ಇಂಟರ್ನ್‌ನ ತಗೋಳೋದು ಕಂಪನಿಗೆ ಕಡ್ಡಾಯ ಅಲ್ಲ. ಸ್ಟೈಪೆಂಡ್ ಕೊಡಬೇಕು ಅನ್ನೋ ಕಾನೂನೂ ಇಲ್ಲ. ಕಾಲೇಜಲ್ಲಿ ಓದ್ತಾ ಇರೋ ಇಂಟರ್ನ್‌ಗೆ ಇಷ್ಟು ಕೊಡಲೇಬೇಕು ಅಂತ ಎಲ್ಲೂ ಬರೆದಿಲ್ಲ. ವಿಟಿಯು ಅಡಿ ಇನ್ನೂರಕ್ಕೂ ಹೆಚ್ಚು ಕಾಲೇಜಿವೆ. ಪ್ರತಿ ವರ್ಷ ಅಷ್ಟೂ ಕಾಲೇಜಿನ ಹುಡುಗ ಹುಡುಗೀರು ಒಂದೇ ಸಲ ಕಂಪನಿ ಹುಡುಕೋಕೆ ನಿಂತ್ರೆ ಜಾಗ ಎಲ್ಲಿಂದ ಬರಬೇಕು?

ವ್ಯಾಪಾರ ಮಾಡೋರಿಗೆ ಇದನ್ನ ವಿವರಿಸಿ ಹೇಳಬೇಕಿಲ್ಲ. ಎಲ್ಲರಿಗೂ ಬೇಕೇ ಬೇಕು, ಮಾಲು ಮಾತ್ರ ಕಮ್ಮಿ ಅಂದ್ರೆ ಏನಾಗುತ್ತೆ? ಡೂಪ್ಲಿಕೇಟ್ ಮಾಲು ಬರುತ್ತೆ. ಇಲ್ಲೂ ಅದೇ ಆಗಿರೋದು. ಕೆಲಸ ಕಲಿಸೋ ಜಾಗ ಸಿಗದಿದ್ದಾಗ ಕಲಿತ ಹಾಗೆ ಸರ್ಟಿಫಿಕೇಟ್ ಕೊಡೋರು ಹುಟ್ಟಿಕೊಂಡ್ರು.

ಮನೆಯೋರ ಲೆಕ್ಕ

ಸರ್ಟಿಫಿಕೇಟ್‌ಗೆ ಎಂಟು ಸಾವಿರ ಕಟ್ಟಿದ ಹುಡುಗಂಗೆ ಬೈಯೋದು ಸುಲಭ. ಅವನ ಮುಂದೆ ಇದ್ದ ಇನ್ನೊಂದು ದಾರಿ ಏನು ಅಂತಲೂ ನೋಡಬೇಕು.

ಬೆಂಗಳೂರಲ್ಲಿ ಒಂದು ನಿಜವಾದ ಕಂಪನೀಲಿ, ಸ್ಟೈಪೆಂಡ್ ಇಲ್ಲದೆ, ಇಂಟರ್ನ್‌ಶಿಪ್ ಸಿಕ್ತು ಅಂತಿಟ್ಟುಕೊಳ್ಳಿ. ಇಪ್ಪತ್ತು ವಾರ ಅಂದ್ರೆ ಹತ್ತಿರ ಹತ್ತಿರ ಐದು ತಿಂಗಳು. ಪಿಜಿಗೆ ತಿಂಗಳಿಗೆ ಎಂಟು ಸಾವಿರ ಅಂದ್ರೂ ನಲವತ್ತು ಸಾವಿರ. ಬಸ್ಸು, ಮೆಟ್ರೋ, ಮಧ್ಯಾಹ್ನದ ಊಟ, ಫೋನು ಎಲ್ಲ ಸೇರಿ ತಿಂಗಳಿಗೆ ಇನ್ನೊಂದು ನಾಲ್ಕು ಸಾವಿರ ಹಾಕಿ. ಒಟ್ಟು ಅರವತ್ತು ಸಾವಿರ ಮುಟ್ಟುತ್ತೆ. ಕಾಲೇಜ್ ಫೀಸು, ಪರೀಕ್ಷೆ ಫೀಸು ಇದರಲ್ಲಿ ಸೇರಿಲ್ಲ.

ಒಂದು ಕಡೆ ಅರವತ್ತು ಸಾವಿರ ಖರ್ಚು ಮಾಡಿ ಕೆಲಸ ಕಲಿಯೋದು, ಇನ್ನೊಂದು ಕಡೆ ಎಂಟು ಸಾವಿರ ಕಟ್ಟಿ ಮನೇಲೇ ಕೂತು ಸರ್ಟಿಫಿಕೇಟ್ ತಗೋಳೋದು. ತೆಂಗಿನ ಸಸಿಗೆ ಗೊಬ್ಬರ ಹಾಕೋಕೇ ಯೋಚನೆ ಮಾಡೋ ಮನೆಯೋರು ಯಾವುದನ್ನ ಆರಿಸ್ತಾರೆ? ಅದೇ ಬೆಂಗಳೂರಲ್ಲೇ ಸ್ವಂತ ಮನೆ ಇರೋ ಹುಡುಗ ಮನೇಲಿ ತಿಂದು, ಸ್ಟೈಪೆಂಡ್ ಇಲ್ಲದಿದ್ರೂ ಕಂಪನಿಗೆ ಹೋಗಿ ಕೆಲಸ ಕಲಿತಾನೆ. ಇಬ್ಬರ ಮಾರ್ಕ್ಸ್ ಕಾರ್ಡಲ್ಲೂ ಅದೇ 10 ಕ್ರೆಡಿಟ್. ಆದ್ರೆ ಕೆಲಸದ ಇಂಟರ್‌ವ್ಯೂನಲ್ಲಿ ಕೂರಿಸಿ ‘ಏನು ಮಾಡಿದ್ರಿ, ಹೇಳಿ’ ಅಂದಾಗ ಒಬ್ಬ ಹೇಳ್ತಾನೆ, ಇನ್ನೊಬ್ಬ ತಡವರಿಸ್ತಾನೆ. ಸ್ಟೈಪೆಂಡ್ ಇಲ್ಲದ ಇಂಟರ್ನ್‌ಶಿಪ್‌ನ ಪೆಟ್ಟು ಬೀಳೋದು ಹಿಂಗೆ ತಾಲ್ಲೂಕಿನ ಮಕ್ಕಳ ಮೇಲೆ.

ನಮ್ಮ ಅಂಗಡಿಗಳಲ್ಲಿ ಈ ಪದ್ಧತಿ ಇಲ್ವಲ್ಲ

ನನ್ನದೊಂದು ಮಾತು ಹೇಳ್ತೀನಿ. ನಾನು ಬಿ.ಕಾಂ. ಎರಡನೇ ವರ್ಷಕ್ಕೆ ಬಿಟ್ಟೋನು. ಬಿಟ್ಟ ಮೇಲೆ ಒಂದೂವರೆ ವರ್ಷ ಮೊಬೈಲ್ ರಿಪೇರಿ ಅಂಗಡೀಲಿದ್ದೆ. ಮೊದಲ ತಿಂಗಳು ನನಗೆ ಸ್ಕ್ರೂ ಬಿಚ್ಚೋಕೂ ಸರಿಯಾಗಿ ಬರ್ತಿರಲಿಲ್ಲ, ಒಂದು ಡಿಸ್‌ಪ್ಲೇ ಒಡೆದೂ ಹಾಕಿದ್ದೆ. ಆದ್ರೂ ಓನರ್ ಅಣ್ಣ ದಿನಕ್ಕೆ ನೂರು ರೂಪಾಯಿ, ಬೆಳಗ್ಗೆ ತಿಂಡಿ, ಎರಡು ಟೀ ಕೊಡ್ತಿದ್ರು. ಕೊಡ್ತಿದ್ರು ಅಂತಲೇ ಸುಮ್ಮನೆ ಕೂರೋಕೆ ಬಿಡ್ತಿರಲಿಲ್ಲ. ‘ನೂರು ರೂಪಾಯಿ ಕೊಡ್ತೀನಿ ಕಣೋ, ಚಾರ್ಜಿಂಗ್ ಪಿನ್ ಹಾಕೋದನ್ನಾದ್ರೂ ಕಲಿ’ ಅಂತ ತಲೆ ಮೇಲೆ ಕೂತು ಕಲಿಸಿದ್ರು.

ಗ್ಯಾರೇಜ್ ನೋಡಿ, ವೆಲ್ಡಿಂಗ್ ಶಾಪ್ ನೋಡಿ, ಟೈಲರ್ ಅಂಗಡಿ ನೋಡಿ. ಕಲಿಯೋಕೆ ಬಂದ ಹುಡುಗನ ಕೈಗೆ ವಾರಕ್ಕೊಂದು ಸಲ ಏನಾದ್ರೂ ಇಡ್ತಾರೆ. ಕೆಲಸ ಕಲಿಸ್ತೀನಿ, ನೀನೇ ನನಗೆ ದುಡ್ಡು ಕೊಡು ಅನ್ನೋ ಮೇಸ್ತ್ರಿನ ನಾನು ನಮ್ಮೂರಲ್ಲಿ ಕಂಡಿಲ್ಲ.

ದುಡ್ಡು ಕೊಟ್ಟೋನು ಕೆಲಸ ಕೇಳ್ತಾನೆ. ಕೆಲಸ ಕೇಳಬೇಕು ಅಂದ್ರೆ ಮೊದಲು ಕಲಿಸಲೇಬೇಕು. ದುಡ್ಡು ಇಸ್ಕೊಂಡೋನಿಗೆ ಆ ದರ್ದಿಲ್ಲ, ಸರ್ಟಿಫಿಕೇಟ್ ಕೊಟ್ರೆ ಅವನ ಲೆಕ್ಕ ಚುಕ್ತಾ. ಅದಕ್ಕೇ ಸ್ಟೈಪೆಂಡ್ ಅನ್ನೋದು ಬರೀ ಪಿಜಿ ಬಾಡಿಗೆಯ ವಿಷಯ ಅಲ್ಲ. ತಿಂಗಳಿಗೆ ಐದು ಸಾವಿರ ಕೊಡೋ ಕಂಪನಿಯಾದ್ರೂ ‘ಈ ಹುಡುಗ ಇವತ್ತು ಏನು ಮಾಡಿದ’ ಅಂತ ಕೇಳುತ್ತೆ. ಕಲಿಕೆ ನಡೀತಿದೆ ಅನ್ನೋದಕ್ಕೆ ಅದೇ ಗ್ಯಾರಂಟಿ.

ಕಂಪನಿಯೋರ ಮಾತೂ ಕೇಳಬೇಕು

ತುಮಕೂರಲ್ಲಿ ಸಣ್ಣ ಸಾಫ್ಟ್‌ವೇರ್ ಆಫೀಸ್ ನಡೆಸೋ ಒಬ್ಬರ ಹತ್ರ ಮಾತಾಡಿದೆ. ಆರೇಳು ಜನ ಇರೋ ಆಫೀಸು. ಅವರು ಹೇಳೋದರಲ್ಲೂ ನ್ಯಾಯ ಇದೆ. ಬರೋ ಹುಡುಗರಿಗೆ ಮೊದಲ ಎರಡು ತಿಂಗಳು ಏನೂ ಬರಲ್ಲ, ಅವರಿಗೆ ಹೇಳಿಕೊಡೋಕೆ ನಮ್ಮ ಒಬ್ಬ ಒಳ್ಳೇ ಕೆಲಸಗಾರನ ಅರ್ಧ ದಿನ ಹೋಗುತ್ತೆ, ಕಲಿತು ಕೈಗೆ ಬರೋ ಹೊತ್ತಿಗೆ ಅವರ ಟೈಮ್ ಮುಗಿದಿರುತ್ತೆ, ಇದರ ಮೇಲೆ ಸ್ಟೈಪೆಂಡ್ ಬೇರೆ ಎಲ್ಲಿಂದ ತರೋದು ಅಂತ ಕೇಳಿದ್ರು.

ಒಪ್ಪೋಣ. ಸಣ್ಣ ಆಫೀಸಿನೋರಿಗೆ ಕೈಲಾಗದಿದ್ರೆ ಕೊಡದೇ ಇರಲಿ, ಆದ್ರೆ ನಿಜವಾಗಿ ಕಲಿಸಲಿ. ಅದು ಬೇರೆ. ಫೀಸು ತಗೊಂಡು ಪಾಠ ಹೇಳೋದೂ ತಪ್ಪಲ್ಲ, ಟ್ಯೂಷನ್ ಇಲ್ವಾ, ಹಂಗೆ. ಆದ್ರೆ ಅದನ್ನ ಟ್ರೈನಿಂಗ್ ಅಂತ ಕರೀರಿ, ರಸೀದಿ ಕೊಡಿ. ಪಾಠ ಮಾರಿ ಅದಕ್ಕೆ ಇಂಟರ್ನ್‌ಶಿಪ್ ಅಂತ ಹೆಸರಿಡೋದು ಸರಿಯಲ್ಲ. ಇಂಟರ್ನ್‌ಶಿಪ್ ಮಾಡಿದೀನಿ ಅಂದೋನಿಗೆ ಕೆಲಸ ಬರುತ್ತೆ ಅಂತ ಮುಂದಿನೋರು ನಂಬ್ತಾರೆ. ಬರದಿದ್ರೆ ಮರ್ಯಾದೆ ಹೋಗೋದು ಹುಡುಗಂದು.

ಇದರ ಉಲ್ಟಾನೂ ಇದೆ. ಸ್ಟೈಪೆಂಡ್ ಹೆಸರಲ್ಲಿ ಮೂರು ನಾಲ್ಕು ಸಾವಿರ ಕೊಟ್ಟು, ಪೂರಾ ಕೆಲಸಗಾರನಿಂದ ಮಾಡಿಸೋ ಕೆಲಸವನ್ನ ರಾತ್ರಿ ಹತ್ತರ ತನಕ ಮಾಡಿಸೋ ಜಾಗಗಳೂ ಇವೆ. ದುಡ್ಡು ಕೊಟ್ಟ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ.

ಸರ್ಕಾರದ ಯೋಜನೆಗಳಲ್ಲಿ ಯಾವುದು ಯಾರಿಗೆ?

ಮೂರು ಹೆಸರು ಎಲ್ಲರ ಬಾಯಲ್ಲೂ ಕಲಸಿಕೊಂಡಿವೆ. ಒಂದೊಂದಾಗಿ ಹೇಳ್ತೀನಿ.

ಮೊದಲನೇದು ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ. 2024ರ ಬಜೆಟ್‌ನಲ್ಲಿ ಘೋಷಣೆ ಆಗಿ ಅದೇ ಅಕ್ಟೋಬರ್‌ನಲ್ಲಿ ಶುರುವಾಯ್ತು. ಐದು ವರ್ಷದಲ್ಲಿ ಒಂದು ಕೋಟಿ ಯುವಕರಿಗೆ ದೇಶದ 500 ದೊಡ್ಡ ಕಂಪನಿಗಳಲ್ಲಿ ಇಂಟರ್ನ್‌ಶಿಪ್ ಕೊಡಿಸೋ ಗುರಿ. ಶುರುವಾದಾಗ ಒಂದು ವರ್ಷ, ತಿಂಗಳಿಗೆ 5,000 ರೂಪಾಯಿ ಅಂತಿತ್ತು. ಅದರಲ್ಲಿ 4,500 ಕೇಂದ್ರ ಸರ್ಕಾರದ್ದು, 500 ಕಂಪನಿದು. ಒಂದೇ ಸಲಕ್ಕೆ 6,000 ಬೇರೆ. ಕೇಳೋಕೆ ಚೆನ್ನಾಗಿದೆ. ಆದ್ರೆ ಯೋಜನೆ ಶುರುವಾದಾಗಿನ ನಿಯಮದ ಪ್ರಕಾರ ವಯಸ್ಸು 21ರಿಂದ 24 ಇರಬೇಕು, ಮನೆಯ ವಾರ್ಷಿಕ ಆದಾಯ 8 ಲಕ್ಷ ದಾಟಬಾರದು, ಫುಲ್ ಟೈಮ್ ಓದ್ತಾ ಇರಬಾರದು. ಅಂದ್ರೆ ಕಾಲೇಜಿಗೆ ಕಡ್ಡಾಯದ ಇಂಟರ್ನ್‌ಶಿಪ್ ಮಾಡಬೇಕಾದ ಹುಡುಗಂಗೆ ಆ ನಿಯಮದಲ್ಲಿ ಇದು ಸಿಗ್ತಿರಲಿಲ್ಲ. ಯಾರಿಗೆ ಈಗಲೇ ಬೇಕೋ ಅವರನ್ನೇ ಬಿಟ್ಟು ಮಾಡಿದ ನಿಯಮ ಅದು.

ಎರಡನೇದು ಅಪ್ರೆಂಟಿಸ್‌ಶಿಪ್. ಇದರ ಬಗ್ಗೆ ನಮ್ಮಲ್ಲಿ ಮಾತೇ ಕಮ್ಮಿ, ಆದ್ರೆ ನಿಜವಾದ ಬಲ ಇರೋದು ಇದರಲ್ಲೇ. 1961ರ ಅಪ್ರೆಂಟಿಸ್ ಕಾಯ್ದೆ ಅಂತ ಒಂದಿದೆ. ಐಟಿಐ ಮಾಡಿದೋರಿಗೆ ಮಾತ್ರ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ, 1973ರ ತಿದ್ದುಪಡಿಯಿಂದಲೇ ಇಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾದವರೂ ಇದರಡಿ ಬರ್ತಾರೆ. ಇಂಟರ್ನ್‌ಶಿಪ್‌ಗೆ ಇಲ್ಲದ್ದು ಇದಕ್ಕಿದೆ: ಕಮ್ಮಿ ಅಂದ್ರೂ ಇಷ್ಟು ಕೊಡಲೇಬೇಕು ಅನ್ನೋ ನಿಯಮ. 2019ರಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ಅಂತ ನಿಗದಿ ಆಯ್ತು. 2025ರ ಮೇನಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಸ್ಟೈಪೆಂಡನ್ನ ಶೇ. 36ರಷ್ಟು ಏರಿಸಬೇಕು ಅಂತ ಶಿಫಾರಸೂ ಮಾಡಿತು. ‘ನ್ಯಾಟ್ಸ್’ ಅನ್ನೋ ಕೇಂದ್ರದ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು, ಅದಕ್ಕೆ ಫೀಸಿಲ್ಲ. ಎಚ್‌ಎಎಲ್, ಬಿಇಎಲ್ ಥರದ ಸಂಸ್ಥೆಗಳು ಈ ದಾರೀಲಿ ಅರ್ಜಿ ಕರೀತಿರ್ತವೆ.

ಮೂರನೇದು ರಾಜ್ಯದ ಯುವನಿಧಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಸಿಕ್ಕಿದ್ದು. ಪಾಸಾಗಿ ಆರು ತಿಂಗಳಾದ್ರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷದ ತನಕ. ಇದು ನಿರುದ್ಯೋಗ ಭತ್ಯೆ, ಇಂಟರ್ನ್‌ಶಿಪ್ ಅಲ್ಲ. ಅಪ್ರೆಂಟಿಸ್ ಸ್ಟೈಪೆಂಡ್ ತಗೋಳೋರಿಗೆ ಯುವನಿಧಿ ಬರಲ್ಲ. ಮೂರು ಸಾವಿರ ಹೋಗುತ್ತೆ ಅಂತ ಒಂಬತ್ತು ಸಾವಿರದ ಅಪ್ರೆಂಟಿಸ್‌ಶಿಪ್ ಬಿಡಬೇಡಿ. ಒಂದು ವರ್ಷ ಕೆಲಸ ಕಲಿತದ್ದು ಕೈಲಿ ಉಳಿಯುತ್ತೆ.

ಊರಲ್ಲೇ ಜಾಗ ಇಲ್ವಾ?

ಇಂಜಿನಿಯರಿಂಗ್ ಅಂದ ತಕ್ಷಣ ನಮಗೆ ಬೆಂಗಳೂರೇ ಕಾಣೋದು. ನಮ್ಮ ಜಿಲ್ಲೇಲೇ ತುಮಕೂರು ಪಕ್ಕ ವಸಂತನರಸಾಪುರ ಕೈಗಾರಿಕಾ ಪ್ರದೇಶ ಇದೆ, ಅಲ್ಲೇ ಮಷಿನ್ ಟೂಲ್ ಪಾರ್ಕ್ ಇದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿ 2023ರ ಫೆಬ್ರುವರಿ 6ರಂದು ಉದ್ಘಾಟನೆ ಆಯ್ತು. ತುಮಕೂರಿಗೆ ದಿನಾ ಹೋಗಿ ಬರೋದು ಕಷ್ಟವೇ, ಆದ್ರೆ ಬೆಂಗಳೂರಿನ ಪಿಜಿ ಖರ್ಚಿಗಿಂತ ಕಮ್ಮಿ. ಹೆಣ್ಣುಮಕ್ಕಳಿಗಂತೂ ಶಕ್ತಿ ಯೋಜನೆಯಿಂದ ಸಾಮಾನ್ಯ ಬಸ್ಸಿನ ಖರ್ಚೂ ಇಲ್ಲ. ಮಗಳನ್ನ ಬೆಂಗಳೂರಲ್ಲಿ ಬಿಡೋಕೆ ಹಿಂದೆ ಮುಂದೆ ನೋಡೋ ಮನೆಯೋರು ಇದನ್ನ ಯೋಚಿಸಬಹುದು.

ಇನ್ನೂ ಹತ್ತಿರ ಬರೋಣ. ತಿಪಟೂರು ಸುತ್ತ ತೆಂಗಿನ ಪೌಡರ್ ಫ್ಯಾಕ್ಟರಿಗಳಿವೆ, ನಾರಿನ ಫ್ಯಾಕ್ಟರಿಗಳಿವೆ. ಡ್ರೈಯರ್ ಇದೆ, ಬಾಯ್ಲರ್ ಇದೆ, ಮೋಟರ್ ಇದೆ, ಕರೆಂಟ್ ಬಿಲ್ಲಿನ ತಲೆನೋವಿದೆ. ಮಷಿನ್ ಕೆಟ್ರೆ ಹೊರಗಿಂದ ಮೆಕ್ಯಾನಿಕ್ ಬರೋ ತನಕ ಕೆಲಸ ನಿಲ್ಲುತ್ತೆ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಓದೋ ಹುಡುಗಂಗೆ ನಾಲ್ಕು ತಿಂಗಳಿಗಾಗುವಷ್ಟು ನಿಜವಾದ ಕೆಲಸ ಇಲ್ಲಿದೆ. ಮಂಡಿಗಳಲ್ಲಿ ಇವತ್ತಿಗೂ ಸ್ಟಾಕು, ಬಿಲ್ಲು, ರೈತರ ಲೆಕ್ಕ ಅರ್ಧ ಪುಸ್ತಕದಲ್ಲಿ, ಅರ್ಧ ಕಂಪ್ಯೂಟರಲ್ಲಿ. ಕಂಪ್ಯೂಟರ್ ಸೈನ್ಸ್ ಹುಡುಗಿ ಒಬ್ಬಳು ಕೂತು ಸರಿಯಾದ ಒಂದು ಸಾಫ್ಟ್‌ವೇರ್ ಮಾಡಿಕೊಟ್ರೆ ಮಾಲೀಕರಿಗೂ ಲಾಭ, ಅವಳ ಪ್ರಾಜೆಕ್ಟೂ ನಿಜವಾದ ಪ್ರಾಜೆಕ್ಟು. ಇಂಥ ಜಾಗವನ್ನ ಕಾಲೇಜು ಒಪ್ಪುತ್ತಾ ಅಂತ ಮೊದಲೇ ಗೈಡ್ ಹತ್ರ ಕೇಳಿ, ಪತ್ರ ತಗೊಂಡೇ ಶುರು ಮಾಡಬೇಕು ಅಷ್ಟೆ.

ಮಾಲೀಕರಿಗೂ ಒಂದು ವಿಷಯ ಗೊತ್ತಿರಲಿ. ಅಪ್ರೆಂಟಿಸ್ ಕಾಯ್ದೆ ಬರೀ ದೊಡ್ಡ ಫ್ಯಾಕ್ಟರಿಗಲ್ಲ. 2019ರ ನಿಯಮದಂತೆ 30 ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಸಂಸ್ಥೆ ಅಪ್ರೆಂಟಿಸ್ ತಗೋಳಲೇಬೇಕು. 4ರಿಂದ 29 ಜನ ಇರೋರು ಇಷ್ಟ ಇದ್ರೆ ತಗೋಬಹುದು. ಪದವೀಧರರನ್ನ ನ್ಯಾಟ್ಸ್ ಮೂಲಕ ತಗೊಂಡ್ರೆ ಕನಿಷ್ಠ ಸ್ಟೈಪೆಂಡ್‌ನ ಅರ್ಧ ಕೇಂದ್ರ ಸರ್ಕಾರದ್ದು. 9,000ದ ಲೆಕ್ಕದಲ್ಲಿ ಮಾಲೀಕರ ಪಾಲು 4,500. ಅಷ್ಟಕ್ಕೆ ಓದಿರೋ ಒಬ್ಬ ಇಂಜಿನಿಯರ್ ಒಂದು ವರ್ಷ ನಿಮ್ಮ ಜೊತೆ ಇರ್ತಾನೆ.

ದುಡ್ಡು ಕಟ್ಟೋ ಮೊದಲು ಇಷ್ಟು ಕೇಳಿ

ಮಕ್ಕಳು ಬಂದು ‘ಅಪ್ಪಾ, ಇಂಟರ್ನ್‌ಶಿಪ್‌ಗೆ ಫೋನ್‌ಪೇ ಮಾಡು’ ಅಂದ್ರೆ ತಕ್ಷಣ ಮಾಡಬೇಡಿ. ಒಂದು, ದುಡ್ಡು ಹೋಗೋದು ಕಂಪನಿ ಖಾತೆಗಾ ಅಥವಾ ಯಾರೋ ಒಬ್ಬರ ಸ್ವಂತ ನಂಬರಿಗಾ? ರಸೀದಿ ಕೊಡ್ತಾರಾ? ಎರಡು, ಪ್ರೈವೇಟ್ ಲಿಮಿಟೆಡ್ ಅಂತ ಹೇಳಿಕೊಂಡಿದ್ರೆ ಕೇಂದ್ರದ ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಆ ಹೆಸರು ಇದೆಯಾ ಅಂತ ನೋಡಿ. ಮೂರು, ಆಫೀಸ್ ಎಲ್ಲಿ, ದಿನಾ ಯಾರ ಕೈಕೆಳಗೆ ಕೆಲಸ? ಒಬ್ಬರ ಹೆಸರು ಹೇಳೋಕೆ ಆಗದಿದ್ರೆ ಅಲ್ಲಿ ಕೆಲಸ ಇಲ್ಲ ಅಂತಲೇ ಅರ್ಥ. ನಾಲ್ಕು, ‘ಇವತ್ತೇ ಕಟ್ಟಿ, ನಾಳೆ ಸೀಟಿರಲ್ಲ’ ಅಂತ ಅವಸರ ಮಾಡಿದ್ರೆ ಅದೇ ಅನುಮಾನಕ್ಕೆ ಸಾಕು. ಎಐಸಿಟಿಇಯ ಇಂಟರ್ನ್‌ಶಿಪ್ ಪೋರ್ಟಲ್‌ನಲ್ಲಿ ವಿದ್ಯಾರ್ಥಿಗಳು ಫೀಸಿಲ್ಲದೆ ಹುಡುಕಬಹುದು. ಅಲ್ಲಿ ಎಷ್ಟು ಸ್ಟೈಪೆಂಡ್ ಅಂತಲೂ ಹಾಕಿರ್ತಾರೆ. ಹುಡುಕೋದನ್ನ ಏಳನೇ ಸೆಮಿಸ್ಟರ್ ಶುರುವಲ್ಲೇ ಮಾಡಿ. ಕೊನೇ ವಾರಕ್ಕೆ ಬಂದೋರೇ ದುಡ್ಡು ಕಟ್ಟೋ ಜಾಗಕ್ಕೆ ಬೀಳೋದು.

ಇಷ್ಟೆಲ್ಲ ಅಪ್ಪ ಅಮ್ಮ, ಮಕ್ಕಳು ಮಾಡಬೇಕಾದ್ದು. ಕಾಲೇಜುಗಳೂ ವಿಶ್ವವಿದ್ಯಾಲಯವೂ ಮಾಡಬೇಕಾದ್ದು ಒಂದಿದೆ. ಇಂಟರ್ನ್‌ಶಿಪ್ ಕಡ್ಡಾಯ ಮಾಡಿದ ಮೇಲೆ ಜಾಗ ಹುಡುಕಿಕೊಡೋ ಜವಾಬ್ದಾರಿಯನ್ನೂ ಹೊರಬೇಕು. ವಿದ್ಯಾರ್ಥಿಯಿಂದ ಫೀಸು ತಗೊಂಡ ಕಡೆಯ ಸರ್ಟಿಫಿಕೇಟ್‌ಗೆ ಕ್ರೆಡಿಟ್ ಇಲ್ಲ ಅಂತ ಒಂದು ಸಾಲು ಹಾಕಿ, ಅದನ್ನ ಕಟ್ಟುನಿಟ್ಟಾಗಿ ನೋಡಿಕೊಂಡ್ರೆ ಈ ಅಂಗಡಿಗಳು ತಾವಾಗೇ ಬಾಗಿಲು ಹಾಕ್ತವೆ. ಫೀಸು ತಗೊಂಡಿದ್ದಾರೋ ಇಲ್ವೋ ಅಂತ ವೈವಾ ದಿನ ಹುಡುಗನನ್ನ ಒಂದು ಮಾತು ಕೇಳಿದ್ರೂ ಗೊತ್ತಾಗುತ್ತೆ. ಯಾರೂ ಕೇಳಲ್ಲ, ಯಾಕಂದ್ರೆ ಕಾಲೇಜಿಗೂ ಫೈಲಲ್ಲಿ ಸರ್ಟಿಫಿಕೇಟ್ ಇದ್ರೆ ಸಾಕು.

ಆ ಹುಡುಗ ಪ್ರಿಂಟ್ ತಗೊಂಡು, ಮಡಚಿ ಹೋಗಬಾರದು ಅಂತ ಪ್ಲಾಸ್ಟಿಕ್ ಫೋಲ್ಡರ್‌ನೂ ಕೊಂಡ. ಪ್ರಿಂಟು, ಫೋಲ್ಡರ್ ಸೇರಿ ಐವತ್ತು ರೂಪಾಯಿ. ಹೋಗ್ತಾ ನನ್ನ ಹತ್ರ ಕೇಳಿದ: ‘ಅಣ್ಣ, ನಿಮಗೆ ಪೌಡರ್ ಫ್ಯಾಕ್ಟರಿಯೋರು ಯಾರಾದ್ರೂ ಗೊತ್ತಾ? ರಿಸಲ್ಟ್ ಬರೋ ತನಕ ಎಲ್ಲಾದ್ರೂ ಮಷಿನ್ ಕೆಲಸ ನೋಡೋಣ ಅಂತ.’

ಇಬ್ಬರ ನಂಬರ್ ಕೊಟ್ಟಿದೀನಿ. ಓದುಗರಲ್ಲಿ ಫ್ಯಾಕ್ಟರಿ, ವರ್ಕ್‌ಶಾಪ್, ಮಂಡಿ ನಡೆಸೋರು ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಖರ್ಚಿಗಷ್ಟು ಕೊಟ್ಟು ಕೆಲಸಕ್ಕೆ ಹಚ್ಚೋ ಮನಸ್ಸಿದ್ರೆ ನಮ್ಮ ವೆಬ್‌ಸೈಟ್‌ಗೆ ಒಂದು ಮೆಸೇಜ್ ಹಾಕಿ. ಇಂಟರ್ನ್‌ಶಿಪ್ ಅಂತ ದುಡ್ಡು ಕಟ್ಟಿ ಕೈ ಸುಟ್ಟುಕೊಂಡೋರಿದ್ರೂ ತಿಳಿಸಿ. ಹೆಸರು ಹಾಕದೇ ಬರೀತೀವಿ.